ಈದ್‌ಗೆ ಯಾವ ಹೂ?

ನಮ್ಮ ತಾರಸಿಯಲ್ಲಿ 14 ಹೂಕುಂಡಗಳಿವೆ. ಅವನ್ನು ಬೆಳೆಸಿದವರು ದಾದಿಮಾ, ಅಂದರೆ ಅಬ್ಬಾ ಅವರ ತಾಯಿ. ಅವರು ತೀರಿಹೋದ ಮೇಲೆ ನೀರು ಹಾಕುವ ಕೆಲಸ ನನ್ನದಾಯಿತು. ಈದ್ ನಮಾಜ್ ಮುಗಿಸಿ ಅಬ್ಬಾ ಕಬರಸ್ತಾನಕ್ಕೆ ಹೋಗುವಾಗ ದಾದಿಮಾರ ಗಿಡದ ಹೂಗಳನ್ನೇ ಒಯ್ಯಬೇಕು ಎಂಬುದು ನನ್ನ ಆಸೆ.

ಆದರೆ ಹಿಜರಿ ವರ್ಷ ಚಂದ್ರನ ಲೆಕ್ಕದ್ದು. ಈದ್ ಪ್ರತಿ ವರ್ಷ ಸುಮಾರು 11 ದಿನ ಮೊದಲೇ ಬರುತ್ತದೆ. ಸುಮಾರು 33 ವರ್ಷಗಳಲ್ಲಿ ಮಳೆ, ಚಳಿ, ಬೇಸಿಗೆ ಎಲ್ಲವನ್ನೂ ಸುತ್ತಿ ಬರುತ್ತದೆ. ಹೂಗಳದು ಸೂರ್ಯನ ಲೆಕ್ಕ. ದುಂಡುಮಲ್ಲಿಗೆ ಬೇಸಿಗೆಯಲ್ಲಿ ಹೆಚ್ಚು. ಸೇವಂತಿಗೆ ಹಗಲು ಚಿಕ್ಕದಾದಾಗ ಮೊಗ್ಗು ಬಿಡುತ್ತದೆ. ಚೆಂಡುಹೂ ಬಿತ್ತಿದ ಸುಮಾರು ಎರಡು ತಿಂಗಳಿಗೆ ಅರಳುತ್ತದೆ. ಕನಕಾಂಬರ, ದಾಸವಾಳ ವರ್ಷವಿಡೀ ಕೈಬಿಡುವುದಿಲ್ಲ.

ಸದ್ಯ ರಂಜಾನ್ ಈದ್ ಮಾರ್ಚ್‌ನಲ್ಲಿದೆ, ಮಲ್ಲಿಗೆ ಸಿಗುತ್ತದೆ. 2031ರಲ್ಲಿ ಅದು ಜನವರಿಗೆ ಸರಿದಿರುತ್ತದೆ. ಆಗ ಸೇವಂತಿಗೆಯೇ ಗತಿ. ಅದಕ್ಕೇ ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ 12 ತಿಂಗಳ ಹೂವಿನ ಪಟ್ಟಿ ಬರೆದೆ. ನಮ್ಮ ಕುಂಡಗಳಲ್ಲಿ ಇರುವ ಹೂಗಳನ್ನಷ್ಟೇ ಬರೆದರೂ ಒಂದು ತಿಂಗಳೂ ಖಾಲಿ ಉಳಿಯಲಿಲ್ಲ.

ದಾದಿಮಾ 70 ದಾಟಿ ಬದುಕಿದವರು. ಈದ್ ಎರಡು ಸುತ್ತು ಬಂದದ್ದನ್ನು ಕಂಡಿದ್ದರು. ಇಷ್ಟೊಂದು ಬಗೆಯ ಗಿಡ ಏಕೆಂದು ನಾನು ಕೇಳಿದಾಗಲೆಲ್ಲ ಅವರು ಸುಮ್ಮನೆ ನಗುತ್ತಿದ್ದರು.