ಉಸಿರಿನ ಅಳತೆ

ಬಟ್ಟೆಯನ್ನು ಮೊಳದಿಂದಲೂ ಧಾನ್ಯವನ್ನು ಸೇರಿನಿಂದಲೂ ಅಳೆಯುವುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಆದರೆ ಕಣ್ಣಿಗೆ ಕಾಣದ, ಮುಷ್ಟಿಗೆ ಸಿಲುಕದ ಉಸಿರನ್ನು ಅಳೆಯುವುದು ಹೇಗೆ? ಅಳೆದ ಮೇಲೂ, ಇಷ್ಟಿದ್ದರೆ ಆರೋಗ್ಯ, ಇದಕ್ಕಿಂತ ಕಡಮೆಯಾದರೆ ರೋಗವೆಂದು ನಿರ್ಣಯಿಸುವುದು ಹೇಗೆ? ಎರಡನೆಯ ಪ್ರಶ್ನೆಯು ಮೊದಲನೆಯದಕ್ಕಿಂತ ಕಠಿನವಾದುದು.

ಮೊದಲನೆಯ ಪ್ರಶ್ನೆಗೆ ಸಮರ್ಪಕವಾದ ಉತ್ತರವನ್ನು ಕೊಟ್ಟವನು ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಹಚಿನ್‌ಸನ್. ನೀರಿನಲ್ಲಿ ಬೋರಲಾಗಿ ನಿಲ್ಲಿಸಿದ ಪಾತ್ರೆಯೊಳಕ್ಕೆ ನಳಿಕೆಯ ಮೂಲಕ ಊದಿದರೆ ಪಾತ್ರೆಯು ಮೇಲಕ್ಕೇಳುತ್ತದೆ. ಅದು ಎಷ್ಟು ಎದ್ದಿತೆಂಬುದೇ ಉಸಿರಿನ ಅಳತೆ. ಸ್ಪೈರೋಮೀಟರ್ ಎಂಬ ಈ ಯಂತ್ರದೊಳಕ್ಕೆ ನಾವಿಕರು, ಪೊಲೀಸರು, ಬೆಂಕಿ ಆರಿಸುವವರು, ಜಟ್ಟಿಗಳು, ನಿರ್ಗತಿಕರು ಮೊದಲಾಗಿ ಎರಡು ಸಾವಿರಕ್ಕೂ ಮಿಕ್ಕ ಜನರಿಂದ ಅವನು ಊದಿಸಿದನು. 1846ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಐದರಿಂದ ಆರು ಅಡಿಯವರೆಗೆ, ಎತ್ತರವು ಒಂದೊಂದು ಅಂಗುಲ ಹೆಚ್ಚಿದಂತೆ ಉಸಿರಿನ ಪ್ರಮಾಣವು ಸುಮಾರು 8 ಘನ ಅಂಗುಲ ಹೆಚ್ಚುತ್ತಿತ್ತು! ಎಲ್ಲರಿಗೂ ಒಂದೇ ಅಳತೆ ಸಲ್ಲದೆಂಬುದು ಹೀಗೆ ಸ್ಪಷ್ಟವಾಯಿತು. ಕುಳ್ಳನ ಉಸಿರನ್ನು ಎತ್ತರದವನ ಉಸಿರಿನೊಡನೆ ತೂಗುವುದು ನ್ಯಾಯವಲ್ಲ.

ಆದುದರಿಂದ ವಿಜ್ಞಾನಿಗಳು ಧೂಮಪಾನ ಮಾಡದ ಆರೋಗ್ಯವಂತರನ್ನು ಅನೇಕ ಸಂಖ್ಯೆಯಲ್ಲಿ ಆರಿಸಿಕೊಳ್ಳುತ್ತಾರೆ. ಅವರು ಎದೆತುಂಬ ಉಸಿರೆಳೆದು ಬಲವಾಗಿ ಊದಬೇಕು. ಒಟ್ಟು ಎಷ್ಟು ಗಾಳಿ ಹೊರಬಂದಿತು, ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಂದಿತು ಎಂಬುದನ್ನು ಯಂತ್ರವು ಗುರುತಿಸುತ್ತದೆ. ವಯಸ್ಸು, ಎತ್ತರ, ಹೆಣ್ಣು ಗಂಡೆಂಬ ಭೇದ ಇವುಗಳಿಗೆ ಅನುಗುಣವಾಗಿ ಸಹಜ ಪ್ರಮಾಣವನ್ನು ಲೆಕ್ಕಹಾಕುತ್ತಾರೆ. ನೂರು ಮಂದಿ ಆರೋಗ್ಯವಂತರಲ್ಲಿ ಅತಿ ಕಡಮೆ ಊದಿದ ಐವರು ಕೆಳಗುಳಿಯುವಂತೆ ಒಂದು ಗೆರೆಯನ್ನು ಎಳೆಯುತ್ತಾರೆ. ಈ ಗೆರೆ ಪ್ರಕೃತಿ ಎಳೆದುದಲ್ಲ, ಮನುಷ್ಯನೇ ಎಳೆದುದು. ಅದರ ಕೆಳಗಿರುವವರೆಲ್ಲರೂ ರೋಗಿಗಳಲ್ಲ, ಮೇಲಿರುವವರೆಲ್ಲರೂ ನಿರೋಗಿಗಳಲ್ಲ.

ಮನುಷ್ಯನು ಎಳೆದ ಗೆರೆಯಲ್ಲಿ ಮನುಷ್ಯನ ಪೂರ್ವಗ್ರಹವೂ ಸೇರಿಕೊಳ್ಳಬಹುದು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಗುಲಾಮಗಿರಿಯನ್ನು ಸಮರ್ಥಿಸುತ್ತಿದ್ದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯನು, ಕರಿಯರ ಶ್ವಾಸಕೋಶಗಳು ಹುಟ್ಟಿನಿಂದಲೇ ದುರ್ಬಲವೆಂದು ಸಾರಿದನು. ಅರೆಹೊಟ್ಟೆಯ ಬಾಲ್ಯ, ಹೊಗೆ ಧೂಳುಗಳ ನಡುವಿನ ದುಡಿಮೆ ಉಸಿರನ್ನು ಕುಗ್ಗಿಸುತ್ತವೆಂಬುದನ್ನು ಅವನು ಗಣಿಸಲಿಲ್ಲ. ಮುಂದೆ ಯಂತ್ರಗಳಲ್ಲಿಯೇ ಕರಿಯರ ಸಹಜ ಪ್ರಮಾಣವನ್ನು ನೂರಕ್ಕೆ ಹತ್ತರಿಂದ ಹದಿನೈದರಷ್ಟು ತಗ್ಗಿಸುವ ರೂಢಿ ಬಂದಿತು. ಇದರ ಪರಿಣಾಮವೇನು? ಉಸಿರು ಕುಗ್ಗಿದ ಕೂಲಿಗಾರನೂ ‘ಆರೋಗ್ಯವಂತ’ನೆನಿಸಿಕೊಂಡು ಚಿಕಿತ್ಸೆಗೂ ಪರಿಹಾರಕ್ಕೂ ಎರವಾಗುವ ಸಂಭವ ಒದಗಿತು.

2012ರಲ್ಲಿ ವಿಜ್ಞಾನಿಗಳು 26 ದೇಶಗಳ 74,187 ಜನರ ಅಳತೆಗಳನ್ನು ಒಂದುಗೂಡಿಸಿ ಹೊಸ ಸೂತ್ರಗಳನ್ನು ರಚಿಸಿದರು. ಮೂರು ವರ್ಷದ ಮಕ್ಕಳಿಂದ ತೊಂಬತ್ತೈದರ ವೃದ್ಧರವರೆಗೆ ಅವು ಅನ್ವಯಿಸುತ್ತಿದ್ದವು. ಆದರೂ ಜನರನ್ನು ಜನಾಂಗಗಳಾಗಿ ವಿಂಗಡಿಸುವ ಪದ್ಧತಿ ಉಳಿದಿತ್ತು. ಭಾರತೀಯರಿಗೆ ಅಲ್ಲಿ ಪ್ರತ್ಯೇಕ ಸೂತ್ರವೂ ಇರಲಿಲ್ಲ. 2023ರಲ್ಲಿ ಅಮೆರಿಕದ ಶ್ವಾಸಕೋಶ ತಜ್ಞರ ಸಂಘವು, ಜನಾಂಗವನ್ನು ಲೆಕ್ಕಿಸದ ಒಂದೇ ಸೂತ್ರವನ್ನು ಬಳಸಬೇಕೆಂದು ಸಲಹೆ ನೀಡಿತು. ಇದರಿಂದಲೂ ಎಲ್ಲ ತೊಡಕುಗಳು ಬಗೆಹರಿಯಲಿಲ್ಲ. ಗೆರೆಯನ್ನು ಮೇಲಕ್ಕೆ ಸರಿಸಿದರೆ ಕೆಲವರಿಗೆ ಚಿಕಿತ್ಸೆ ದೊರೆತೀತು; ಮತ್ತೆ ಕೆಲವರಿಗೆ ಉದ್ಯೋಗವೇ ತಪ್ಪೀತು.

‘ಸಹಜ’ವೆಂಬುದು ಚಿಕ್ಕ ಮಾತು, ಅದರ ಭಾರ ದೊಡ್ಡದು. ಕಂಡದ್ದೆಲ್ಲವೂ ಸಹಜವಲ್ಲ. ಹೊಗೆಯನ್ನೇ ಕುಡಿದು ಬೆಳೆದ ಊರಿನವರ ಉಸಿರು ಕುಗ್ಗಿದ್ದರೆ, ಅಳತೆಗೋಲನ್ನು ಕಿರಿದುಮಾಡಿ ತೃಪ್ತಿಪಡುವುದು ವಿಜ್ಞಾನವಲ್ಲ. ಹೊಗೆಯನ್ನು ಕಡಮೆಮಾಡುವುದೇ ವಿವೇಕ.