ಬಾಯ್ಮುಚ್ಚು, ಮೆಗ್

ಕಾರ್ಟೂನು ಎಂದರೆ ಮಕ್ಕಳ ಕಾಲಕ್ಷೇಪ ಎಂದು ನಂಬಿದ್ದವನು ನಾನು. ಆ ನಂಬಿಕೆ ಕೆಟ್ಟದ್ದು ರಜೆಗೆ ಬಂದ ಮಗಳಿಂದ. ಲ್ಯಾಪ್‌ಟಾಪಿನ ಮುಂದೆ ಒಬ್ಬಳೇ ಕುಳಿತು ನಗುತ್ತಿದ್ದಳು. ಏನದು ನೋಡೋಣವೆಂದು ನಾನೂ ಕುರ್ಚಿ ಎಳೆದುಕೊಂಡೆ.

ಅದು ಅಮೆರಿಕದ 'ಫ್ಯಾಮಿಲಿ ಗೈ'. ಸೇಥ್ ಮ್ಯಾಕ್‌ಫಾರ್ಲೇನ್ ಸೃಷ್ಟಿಸಿದ ಈ ಧಾರಾವಾಹಿ ಶುರುವಾದದ್ದು 1999ರಲ್ಲಿ. ಕ್ವಾಹಾಗ್ ಎಂಬ ಕಲ್ಪಿತ ಊರಿನ ಗ್ರಿಫಿನ್ ಸಂಸಾರದ ಕಥೆ. ಆ ಮನೆಯ ಹಿರಿಮಗಳು ಮೆಗ್. ಗುಲಾಬಿ ಟೋಪಿ, ದುಂಡು ಕನ್ನಡಕ. ಮೊದಮೊದಲು ಅವಳು ನಮಗೆಲ್ಲ ಗೊತ್ತಿರುವಂಥ ಹುಡುಗಿಯೇ. ಶಾಲೆಯಲ್ಲಿ ನಾಲ್ಕು ಜನ ತನ್ನನ್ನು ಮೆಚ್ಚಬೇಕೆಂಬ ಹಂಬಲ, ಅಪ್ಪನ ಪೆದ್ದುತನಕ್ಕೆ ನಾಚಿಕೆ. ಆಗ ಮನೆಯವರಿಂದ ಒಂದಿಷ್ಟು ಸಮಾಧಾನದ ಮಾತಾದರೂ ಸಿಗುತ್ತಿತ್ತು.

ವರ್ಷಗಳು ಕಳೆದಂತೆ ಸಮಾಧಾನ ಹೋಯಿತು, ಗೇಲಿ ಉಳಿಯಿತು. ಅವಳು ಬಾಯಿ ತೆರೆದರೆ ಸಾಕು, "ಬಾಯ್ಮುಚ್ಚು, ಮೆಗ್!" ಅದೇ ಒಂದು ಜೋಕು. ಹದಿಹರೆಯದ ಹುಡುಗಿಯ ಮನಸ್ಸನ್ನು ಹೊಕ್ಕು ಬರೆಯುವುದಕ್ಕಿಂತ ಅವಳನ್ನು ಆಡಿಕೊಳ್ಳುವುದು ಸುಲಭವಲ್ಲವೆ?

2011ರ ಒಂದು ಕಂತು ಮಾತ್ರ ಬೇರೆ ಥರ. ಹೊರಗೆ ಚಂಡಮಾರುತ, ಎಲ್ಲರೂ ಮನೆಯೊಳಗೇ ಬಂದಿ. ಆವತ್ತು ಮೆಗ್ ತಿರುಗಿಬೀಳುತ್ತಾಳೆ. ತಮ್ಮ, ಅಮ್ಮ, ಅಪ್ಪ, ಒಬ್ಬೊಬ್ಬರಿಗೂ ಮುಖದ ಮೇಲೆ ಹೇಳುತ್ತಾಳೆ. ಬೈಯಲು ಅವಳಿಲ್ಲದಾಗ ಉಳಿದವರು ತಮ್ಮತಮ್ಮಲ್ಲೇ ಕಚ್ಚಾಡತೊಡಗುತ್ತಾರೆ. ಕೊನೆಗೆ ಮೆಗ್ ತಪ್ಪೆಲ್ಲ ತನ್ನದೇ ಎಂದು ಒಪ್ಪಿಕೊಂಡು ಹಳೆಯ ಜಾಗಕ್ಕೆ ಮರಳುತ್ತಾಳೆ. ಸಿಡಿಲನ್ನು ಹೀರುವ ಕಂಬಿಯಂತೆ ತಾನಿದ್ದರೇ ಈ ಮನೆ ಉಳಿದೀತು ಎಂಬುದು ಅವಳಿಗೆ ತಿಳಿದಿತ್ತು.

ಮಗಳು ನಗುತ್ತಿದ್ದಳು. ನನಗೆ ನಗು ಬರಲಿಲ್ಲ, ತಂಗಿಯ ನೆನಪಾಯಿತು.

ಊಟದ ಪಂಕ್ತಿಯಲ್ಲಿ ಅವಳು ಏನಾದರೂ ಹೇಳಹೊರಟರೆ "ನಿಂದೊಂದು ಅಧಿಕಪ್ರಸಂಗ, ಸುಮ್ನಿರೇ" ಎನ್ನುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ. ಅವಳು ಮದುವೆಯಾಗಿ ಹೋದ ವರ್ಷದ ದೀಪಾವಳಿಗೆ ಅಪ್ಪನಿಗೂ ನನಗೂ ಮಾತು ನಿಂತಿತು. ಕಾರಣ ಈಗ ನೆನಪಿಲ್ಲ. ಅಲ್ಲಿಯವರೆಗೆ ನಮ್ಮ ಮನೆ ಬಹಳ ಅನ್ಯೋನ್ಯವೆಂದೇ ತಿಳಿದಿದ್ದೆ.

ಆ ರಾತ್ರಿ ತಂಗಿಗೆ ಫೋನ್ ಮಾಡಿದೆ. ಹೇಳಬೇಕೆಂದುಕೊಂಡದ್ದನ್ನು ತಡವರಿಸುತ್ತ ಅರ್ಧ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಈಗ್ಯಾಕಣ್ಣಾ ಅದೆಲ್ಲ? ಊಟ ಆಯ್ತಾ?" ಎಂದಳು.

ಕಂಬಿಯ ಕೆಲಸವನ್ನು ಅವಳಿನ್ನೂ ಬಿಟ್ಟಿರಲಿಲ್ಲ.