ಕೊನೆಯ ಹಾಳೆಯ ಲೆಕ್ಕ

ಹೋದ ದೀಪಾವಳಿಗೆ ಬಾಗಲಕೋಟೆಯ ನವನಗರದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗಳು ಇಂಜಿನಿಯರಿಂಗ್ ಓದುವವಳು. ತಲೆಗೆ ಎಣ್ಣೆ ಹಚ್ಚಿಕೊಂಡು ನೀರು ಕಾಯುವುದನ್ನು ನೋಡುತ್ತ ಕೂತಾಗಲೂ ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಪೆನ್ನು. "ಏನು ಎಣಸಾಕತ್ತೀಯವಾ?" ಎಂದೆ. "ಜೋಡಿ ಎಣಸಾಕತ್ತೀನಿ ದೊಡ್ಡವ್ವ" ಎಂದಳು. ಮದುವೆಯ ವಯಸ್ಸಿನ ಹುಡುಗಿಯ ಬಾಯಲ್ಲಿ ಜೋಡಿ ಎಂಬ ಮಾತು ಬಂದರೆ ಯಾರಿಗಾದರೂ ಕಿವಿ ನೆಟ್ಟಗಾಗುತ್ತದೆ. ನನಗೂ ಆಯಿತು.

ಅದು ಜಪಾನಿನ ಕಾರ್ಟೂನ್ ಚಿತ್ರಗಳ ವಿಷಯವಂತೆ. ಅನಿಮೆ ಎನ್ನುತ್ತಾರೆ. ಒಂದು ಕಥೆ ಮನಸ್ಸಿಗೆ ಹಿಡಿಸಿದರೆ ಅಲ್ಲಿಯ ಅಭಿಮಾನಿಗಳು ಸುಮ್ಮನೆ ನೋಡಿ ಎದ್ದು ಹೋಗುವುದಿಲ್ಲ. ಅದೇ ಪಾತ್ರಗಳನ್ನಿಟ್ಟುಕೊಂಡು ತಾವೇ ಚಿತ್ರಕಥೆ ಬರೆದು, ತಮ್ಮದೇ ದುಡ್ಡಿನಲ್ಲಿ ಅಚ್ಚು ಹಾಕಿಸಿ ಮಾರುತ್ತಾರೆ. ಆ ಪುಸ್ತಕಗಳಿಗೆ ದೋಜಿನ್‌ಶಿ ಎಂದು ಹೆಸರು. ಅವುಗಳದೇ ಒಂದು ಜಾತ್ರೆಯೂ ಉಂಟು. 1975ರ ಡಿಸೆಂಬರ್ 21ರಂದು ಟೋಕಿಯೋದಲ್ಲಿ ಮೊದಲ ಸಲ ಸೇರಿದಾಗ ಪುಸ್ತಕ ತಂದ ಗುಂಪುಗಳು 32, ಬಂದವರು ಸುಮಾರು 700 ಜನ. ಅವರಲ್ಲಿ ಬಹುಪಾಲು ಶಾಲೆಯ ಹುಡುಗಿಯರು. ಈಗ ಬೇಸಗೆಗೊಮ್ಮೆ, ವರ್ಷದ ಕೊನೆಗೊಮ್ಮೆ ಲಕ್ಷಗಟ್ಟಲೆ ಜನ ಸೇರುತ್ತಾರೆ.

ಆ ಪುಸ್ತಕಗಳಲ್ಲಿ ಬಹಳಷ್ಟು, ಮೂಲದವನು ಕೂಡಿಸದ ಇಬ್ಬರನ್ನು ಕೂಡಿಸುವ ಕಥೆಗಳು. ಎರಡು ಹೆಸರು ಬರೆದು ನಡುವೆ ಗುಣಾಕಾರದ ಚಿಹ್ನೆ ಹಾಕುತ್ತಾರೆ. ಯಾರ ಹೆಸರು ಮೊದಲು ಎಂಬುದಕ್ಕೂ ಜಗಳ ಉಂಟು. ತಿರುವಿ ಬರೆದರೆ ಅದು ಬೇರೆಯೇ ಜೋಡಿ. 1980ರ ದಶಕದಲ್ಲಿ 'ಕ್ಯಾಪ್ಟನ್ ತ್ಸುಬಾಸಾ' ಎಂಬ ಫುಟ್‌ಬಾಲ್ ಕಥೆ ಬಂತು. ಗಂಡುಹುಡುಗರಿಗಾಗಿ ಬರೆದದ್ದು. ಅದರ ಆಟಗಾರರನ್ನೇ ಒಬ್ಬರಿಗೊಬ್ಬರು ಜೋಡಿ ಮಾಡಿ ಹುಡುಗಿಯರು ಪುಸ್ತಕದ ಮೇಲೆ ಪುಸ್ತಕ ಬರೆದರು. "ಗಂಡಿಗೆ ಗಂಡಾ?" ಎಂದು ನಾನು ಬಾಯಿ ತೆರೆದೆ. ಅವಳು ನಕ್ಕಳು, ಅಷ್ಟೆ.

ಯಾವ ಜೋಡಿಗೆ ಜನಪ್ರೀತಿ ಎಷ್ಟು ಎಂದು ತಿಳಿಯಲು ಜಾತ್ರೆಯ ಪಟ್ಟಿ ನೋಡಿ, ಯಾವ ಜೋಡಿಗೆ ಎಷ್ಟು ಗುಂಪು ಕೂತಿವೆ ಎಂದು ಎಣಿಸುತ್ತಾರಂತೆ. ಹೊಸ ಕಥೆ ಬಂದ ವರ್ಷ ಒಂದು ಜೋಡಿ ಏರುತ್ತದೆ, ಹಳೆಯದೊಂದು ಇಳಿಯುತ್ತದೆ. "ನೋಡಿದವರ ಲೆಕ್ಕ ಅಲ್ಲ ದೊಡ್ಡವ್ವ, ನಿದ್ದಿಗೆಟ್ಟು ಬರದವರ ಲೆಕ್ಕ" ಎಂದಳು. ಆ ಮಾತಿಗೆ ನಾನು ಸುಮ್ಮನಾದೆ. ಯಾಕೆಂದರೆ ಆ ಲೆಕ್ಕವನ್ನು ನಾನೂ ಒಮ್ಮೆ ಮಾಡಿದವಳು.

ನಾನು ಇಳಕಲ್ಲಿನಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದೆ. 1976ರ ಮಾತು. ಪುಟ್ಟಣ್ಣ ಕಣಗಾಲರ 'ನಾಗರಹಾವು' 1972ರಲ್ಲಿ ಬಂದದ್ದು. ನಮ್ಮ ಕಡೆ ಮತ್ತೆ ಮತ್ತೆ ಬಂದು ಹೋಗುತ್ತಿತ್ತು. ಆ ಸಲ ನಾವೆಲ್ಲ ನೋಡಿದೆವು. ರಾಮಾಚಾರಿಯನ್ನು ಅಲಮೇಲುವಿನಿಂದ ಬಿಡಿಸಿದವರು ಅವನು ದೇವರಂತೆ ಕಾಣುವ ಚಾಮಯ್ಯ ಮೇಷ್ಟ್ರೇ. ಬೇರೆ ಕಡೆ ಮದುವೆಯಾದ ಅಲಮೇಲುವಿನ ಬಾಳು ಹಾಳಾಗಿ, ಮೈ ಮಾರಿಕೊಳ್ಳುವ ಗತಿ ಬರುತ್ತದೆ. ಆಮೇಲೆ ಬರುವವಳು ಮಾರ್ಗರೆಟ್. ಕೊನೆಗೆ ದುರ್ಗದ ಬೆಟ್ಟ, ಸಾವು. ನಾವು ಅತ್ತುಕೊಂಡು ಮನೆಗೆ ಬಂದೆವು.

ನಮ್ಮ ಗುಂಪಿನಲ್ಲಿ ಮಗ್ಗದ ಮನೆಯ ಹುಡುಗಿಯೊಬ್ಬಳಿದ್ದಳು. ಶಾಲೆ ಬಿಟ್ಟ ಮೇಲೆ ಅವ್ವನ ಜೊತೆ ಕೂತು ಕೊಂಡಿ ಹಾಕುವವಳು. ಇಳಕಲ್ ಸೀರೆಯ ಮೈಯ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಕೂಡಿಸುವ ಕೆಲಸ. ಅವಳಿಗೆ ಆ ಮುಕ್ತಾಯ ಸಹಿಸಲಿಲ್ಲ. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ನಾಲ್ಕು ಪುಟ ಬರೆದುಕೊಂಡು ಬಂದಳು. ಅದರಲ್ಲಿ ಅಲಮೇಲು ಚಾಮಯ್ಯ ಮೇಷ್ಟ್ರ ಎದುರು ನಿಂತು, "ನನ್ನನ್ನೂ ಒಂದು ಮಾತು ಕೇಳಬೇಕಿತ್ತು" ಎನ್ನುತ್ತಾಳೆ. ಅಷ್ಟೇ ಕಥೆ. ಆದರೆ ಆ ನೋಟುಬುಕ್ಕು ಚೀಲದಿಂದ ಚೀಲಕ್ಕೆ ದಾಟತೊಡಗಿತು. ಓದಿದವರೆಲ್ಲ ತಮ್ಮದೊಂದು ಕಥೆ ಸೇರಿಸಿದರು. ಯಾರೂ ಹೆಸರು ಹಾಕುತ್ತಿರಲಿಲ್ಲ.

ನನಗೆ ಬರೆಯಲು ಬರುತ್ತಿರಲಿಲ್ಲ, ಲೆಕ್ಕ ಚೆನ್ನಾಗಿ ಬರುತ್ತಿತ್ತು. ಕೊನೆಯ ಹಾಳೆಯಲ್ಲಿ ಎರಡು ಸಾಲು ಹಾಕಿದೆ, ಅಲಮೇಲುವಿಗೊಂದು, ಮಾರ್ಗರೆಟ್‌ಗೊಂದು. ಕಥೆಗೊಂದು ಗೀಟು. ಯಾರದೆಂದು ನೆನಪಿರಲೆಂದು ಗೀಟಿನ ಕೆಳಗೆ ಬರೆದವಳ ಹೆಸರಿನ ಮೊದಲ ಅಕ್ಷರ. ಮೊದಲು ಅಲಮೇಲುವಿನ ಸಾಲು ಓಡಿತು. ಬೇಸಗೆ ರಜೆಯಲ್ಲಿ ಯಾರೋ ಮಾರ್ಗರೆಟ್‌ಳನ್ನು ಬಹಳ ಚಂದ ಬರೆದಳು. ಆ ಸಾಲೂ ಏರಿತು. ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಮೂರನೆಯ ಸಾಲೊಂದನ್ನು ಹಾಕಬೇಕಾಯಿತು. ಆ ಕಥೆಗಳಲ್ಲಿ ಅಲಮೇಲು ಹಿರಿಯರು ತೋರಿಸಿದವನನ್ನೇ ಮದುವೆಯಾಗುತ್ತಾಳೆ, ಆದರೆ ಆ ಗಂಡ ಒಳ್ಳೆಯವನು. ಸಿನೆಮಾದಲ್ಲಿ ಇಲ್ಲದ ಗಂಡ. ಅವಳಿಗೆ ಓದಲು ಪುಸ್ತಕ ತಂದುಕೊಡುವವನು, ತವರಿಗೆ ಕಳಿಸುವವನು.

ಈ ಮೂರನೆಯ ಸಾಲೇಕೆ ಬೆಳೆಯುತ್ತಿದೆ ಎಂದು ನನಗೆ ತಿಳಿಯಲಿಲ್ಲ. ಅಕ್ಷರಗಳನ್ನು ನೋಡಿದಾಗ ಹೊಳೆಯಿತು. ಅದರ ಕೆಳಗಿದ್ದ ನಾಲ್ಕೂ ಅಕ್ಷರ ಆ ವರ್ಷ ನಿಶ್ಚಯವಾದ ಹುಡುಗಿಯರವು. ಮುಖ ನೋಡದ ಗಂಡನನ್ನು ಅವರು ಮೊದಲೇ ಒಳ್ಳೆಯವನನ್ನಾಗಿ ಬರೆದಿಟ್ಟುಕೊಳ್ಳುತ್ತಿದ್ದರು.

ನೋಟುಬುಕ್ಕು ನನ್ನ ಚೀಲದಲ್ಲಿದ್ದ ದಿನ ನಮ್ಮ ಕಾಕಾನ ಕೈಗೆ ಸಿಕ್ಕಿತು. ಕಥೆ ಓದುವ ತಾಳ್ಮೆ ಅವನಿಗಿರಲಿಲ್ಲ. ಕೊನೆಯ ಹಾಳೆ ಸಾಕಾಯಿತು. "ಈ ಮೊದಲನೇ ಅಕ್ಷರ ಯಾರದು?" ಎಂದ. ನಾನು ಹೇಳಬಾರದಿತ್ತು. ಹೇಳಿದೆ. ಸಂಜೆಯೊಳಗೆ ಮಾತು ಮಗ್ಗದ ಮನೆಗೆ ಮುಟ್ಟಿತು. ಪ್ರೀತಿ ಗೀತಿ ಎಂದು ಬರೆಯುವ ಹುಡುಗಿಯನ್ನು ಇಟ್ಟುಕೊಂಡು ಕೂರುವವರು ಯಾರು? ಪರೀಕ್ಷೆಗೆ ಎರಡು ತಿಂಗಳಿದೆ ಎನ್ನುವಾಗ ಅವಳನ್ನು ಹುನಗುಂದಕ್ಕೆ ಕೊಟ್ಟರು. ನೋಟುಬುಕ್ಕು ನಮ್ಮ ಬಚ್ಚಲ ಒಲೆಗೆ ಹೋಯಿತು. ಅಂದು ಕಾದ ನೀರನ್ನು ನಾನೇ ಎರೆದುಕೊಂಡೆ.

ಮದುವೆಗೆ ಹೋದೆ. ಅವಳು ಮುಖ ಎತ್ತಲಿಲ್ಲ. ನನಗೆ ಮಾತು ಬರಲಿಲ್ಲ.

ಮುಂದೆ ಹಲವು ವರ್ಷ, ಇಳಕಲ್ಲಿನಿಂದ ಹುನಗುಂದದ ಮೇಲೆ ಹಾಯುವ ಬಸ್ಸಿನಲ್ಲಿ ಕೂತಾಗಲೆಲ್ಲ ಕಿಟಕಿಯ ಹೊರಗೆ ನೋಡುತ್ತಿರಲಿಲ್ಲ. ಕಂಡರೆ ಏನು ಹೇಳಲಿ? ಕೊನೆಗೆ ಅವಳು ಕಂಡದ್ದು ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ, 1994ರಲ್ಲಿ. ಬನದ ಹುಣ್ಣಿಮೆಯ ತೇರು ಮುಗಿದಿತ್ತು. ನಾಟಕ ಕಂಪನಿಗಳ ಧ್ವನಿವರ್ಧಕಗಳು ಒಂದರ ಮೇಲೊಂದು ಕೂಗುತ್ತಿದ್ದವು. ಬಳೆಯಂಗಡಿಯ ಮುಂದೆ ಮಗಳ ಕೈ ಹಿಡಿದು ನಿಂತಿದ್ದಳು. ಅವಳೇ ಗುರುತು ಹಿಡಿದು ಕರೆದಳು. ಹಾಡಿಕೊಂಡು ಬಂದ ಮಾತುಗಳೆಲ್ಲ ನನಗೆ ಮರೆತವು. "ಅವತ್ತು ಹೆಸರು ಹೇಳಿದಾಕಿ ನಾನವಾ" ಎಂದುಬಿಟ್ಟೆ.

"ಗೊತ್ತೈತಿ" ಎಂದಳು. "ಲೆಕ್ಕದ ಹಾಳಿ ನಿನ್ನದ ಅಲ್ಲೇನ?"

ಸ್ವಲ್ಪ ಹೊತ್ತಿನ ಮೇಲೆ ತಾನೇ ಹೇಳಿದಳು: "ಗಂಡ ಒಳ್ಳೆಯವ ಅದಾನ. ನಿನ್ನ ಮೂರನೇ ಸಾಲಿನವನಂಗ. ಪರೀಕ್ಷಾ ಒಂದು ಬರೀಲಿಲ್ಲ ನೋಡು." ಸಿಟ್ಟಿನಿಂದ ಹೇಳಿದ್ದರೆ ನನಗೆ ಹಗುರಾಗುತ್ತಿತ್ತು. ನೆಟ್ಟಗೆ, ಉಪ್ಪು ತರುವುದು ಮರೆತೆ ಎನ್ನುವ ಹಾಗೆ ಹೇಳಿದಳು. ಮಗಳಿಗೆ ಹಸಿರು ಬಳೆ ತೊಡಿಸಿ, ನನಗೂ ಒಂದು ಡಜನ್ ಕೊಡಿಸಿ ಹೋದಳು.

ಎಣಿಸುವುದೇನೂ ತಪ್ಪಲ್ಲ. ಆ ಹಾಳೆ ಇಲ್ಲದಿದ್ದರೆ ಮೂರನೆಯ ಸಾಲಿನ ಭಯ ನನಗೆ ಎಂದಿಗೂ ಕಾಣುತ್ತಿರಲಿಲ್ಲ. ಹುಡುಗಿಯರು ಯಾರನ್ನು ಯಾರಿಗೆ ಕೂಡಿಸಿ ಬರೆಯುತ್ತಾರೆ ಎಂಬುದರಲ್ಲಿ ಅವರ ಕಾಲದ ಬಾಳೇ ಇರುತ್ತದೆ. ಕೂಡಿಸಿದ್ದನ್ನು ನೋಡಿ ಬಾಯಿ ತೆರೆಯುವ ಮೊದಲು ನಾವು ಅದನ್ನು ಓದಬೇಕು. ನಾನು ಮಾಡಿದ ತಪ್ಪು ಗೀಟು ಎಳೆದದ್ದಲ್ಲ, ಗೀಟಿನ ಕೆಳಗೆ ಅಕ್ಷರ ಬರೆದದ್ದು, ಮತ್ತು ಕೇಳಿದಾಗ ಬಾಯಿ ಬಿಟ್ಟದ್ದು.

ಇದನ್ನೆಲ್ಲ ತಂಗಿಯ ಮಗಳಿಗೆ ಹೇಳಿದೆ. ತಲೆಯ ಎಣ್ಣೆ ಹಣೆಗಿಳಿದರೂ ಅವಳು ಕದಲಲಿಲ್ಲ. "ಅಲ್ಲಿ ಬರೆಯೋರು ಖರೇ ಹೆಸರು ಹಾಕೂದ ಕಡಿಮಿ ದೊಡ್ಡವ್ವ. ತಾವ ಒಂದು ಹೆಸರು ಇಟ್ಟುಕೊಂಡಿರತಾರ" ಎಂದಳು.

"ಶಾಣ್ಯಾ ಅದಾರ" ಎಂದೆ.

ನೀರು ಕಾದಿತ್ತು. ಏಳುವ ಮೊದಲು ಅವಳು ತನ್ನ ನೋಟುಬುಕ್ಕನ್ನು ಮುಚ್ಚಿ ನನ್ನ ತೊಡೆಯ ಮೇಲಿಟ್ಟಳು. "ಇದರಾಗ ನಂದೂ ಒಂದು ಕಥಿ ಐತಿ. ಅವ್ವಗ ಹೇಳಬ್ಯಾಡ."

ಹೇಳಿಲ್ಲ. ಯಾವ ಜೋಡಿಯ ಕಥೆ ಎಂದು ಇಲ್ಲಿಯೂ ಬರೆಯುವುದಿಲ್ಲ.